ವಿಮಾನವಾಹಕ ನೌಕೆಯ ಡೆಕ್ ಮೇಲೆ ಹೆಲಿಕಾಪ್ಟರ್: ಏರಿಸುವುದರಿಂದ ಕಟ್ಟುವವರೆಗೆ, ಹಂತ ಹಂತವಾಗಿ

ಸಿಮ್ಯುಲೇಟರ್‌ನಲ್ಲಿ ನೆಲದ ಹೆಲಿಪ್ಯಾಡ್ ಮೇಲೆ ಅಳುಕಿಲ್ಲದೆ ಇಳಿಸುವವರೂ ವಿಮಾನವಾಹಕ ನೌಕೆಯ ಹತ್ತಿರ ಬಂದಾಗ ಎಡವುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ಡೆಕ್ ಮೇಲೆ ಬಂದು ನಿಂತೆ ಅಂದುಕೊಳ್ಳುವಷ್ಟರಲ್ಲಿ ಹಡಗು ಮುಂದಕ್ಕೆ ಹೋಯಿತು, ಹಿಡಿಯಲು ಹೋದೆ, ಬಾಲ ಡೆಕ್ ಅಂಚಿಗೆ ತಾಗಿತು. ಇದಕ್ಕೆ ಕೈ ನಡುಗುವುದು ಕಾರಣವಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಗಾಳಿಯ ಲೆಕ್ಕ ಮೊದಲು, ಹಡಗಿನ ವೇಗಕ್ಕೆ ಹೊಂದಿಕೊಳ್ಳುವುದು ಆಮೇಲೆ, ಡೆಕ್ ಕಡೆ ಸರಿಯುವುದು ಕೊನೆಗೆ. ಈ ಮೂರನ್ನೂ ಒಟ್ಟಿಗೆ ಮಾಡಲು ಹೊರಟವರು ನೀರಿಗೆ ಬೀಳುತ್ತಾರೆ.

ಇಲ್ಲಿ ಆಧಾರವಾಗಿ ಇಟ್ಟುಕೊಂಡಿರುವುದು ಅಮೆರಿಕದ ನಿಮಿಟ್ಜ್ ವರ್ಗದ ನೌಕೆ ಮತ್ತು ಸೀಹಾಕ್ ಹೆಲಿಕಾಪ್ಟರ್. ಡಿಸಿಎಸ್ ಎಂಬ ಸಿಮ್ಯುಲೇಟರ್‌ನಲ್ಲಿ ಹ್ಯೂಯಿ ಹೆಲಿಕಾಪ್ಟರ್ ಹಾರಿಸುವವರಿಗೂ ಇದೇ ಕ್ರಮ. ಕಾರವಾರದ ಐಎನ್ಎಸ್ ಕದಂಬ ನೆಲೆಯ ಐಎನ್ಎಸ್ ವಿಕ್ರಮಾದಿತ್ಯದಂಥ ಹಡಗಿನಲ್ಲಿ ಡೆಕ್‌ನ ಆಕಾರ ಬೇರೆ, ಮುಂದೆ ಸ್ಕೀ ಜಂಪ್ (ಮೇಲಕ್ಕೆ ಬಾಗಿದ ತುದಿ) ಇದೆ, ಸಂಕೇತಗಳಲ್ಲೂ ವ್ಯತ್ಯಾಸ ಇರಬಹುದು. ಗಾಳಿ ಮತ್ತು ರೋಟರ್‌ನ ನಿಯಮ ಮಾತ್ರ ಎಲ್ಲ ಕಡೆಯೂ ಒಂದೇ.

## ಕೈಗೆ ಸಿಗುವಂತೆ ಇರಬೇಕಾದವು

ರಡ್ಡರ್ ಪೆಡಲ್ ಇರಲೇಬೇಕು. ಜಾಯ್‌ಸ್ಟಿಕ್ ತಿರುಚಿ ಪೆಡಲ್ ಕೆಲಸ ಮಾಡಿಸಿದರೆ, ಬಾಲ ತಿರುಗಿಸುವಾಗಲೆಲ್ಲ ಸೈಕ್ಲಿಕ್ (ಹೆಲಿಕಾಪ್ಟರನ್ನು ಮುಂದೆ, ಹಿಂದೆ, ಪಕ್ಕಕ್ಕೆ ವಾಲಿಸುವ ಕೋಲು) ಕೂಡ ಸ್ವಲ್ಪ ಅಲುಗುತ್ತದೆ. ನೆಲದ ಮೇಲೆ ನಡೆದುಹೋಗುವ ಈ ತಪ್ಪನ್ನು ಡೆಕ್ ಕ್ಷಮಿಸುವುದಿಲ್ಲ. ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಹಿಡಿಕೆಯಾದ ಕಲೆಕ್ಟಿವ್‌ಗೆ ಒಳ್ಳೆಯ ಥ್ರಾಟಲ್ ಸಾಕು, ಆದರೆ ಮಧ್ಯದಲ್ಲಿ ತಡೆ ಇರಬಾರದು. ತಲೆಯ ಚಲನೆ ಹಿಡಿಯುವ ಸಾಧನ ಅಥವಾ ವಿಆರ್ ಇದ್ದರೆ ಅರ್ಧ ಕಷ್ಟ ಕಡಿಮೆ, ಏಕೆಂದರೆ ಕೊನೆಯ ಹಂತದಲ್ಲಿ ಪಕ್ಕಕ್ಕೆ ನೋಡಿಕೊಂಡೇ ಹಾರಿಸಬೇಕು. ಜೊತೆಗೆ ಒಂದು ಕಾಗದ, ಒಂದು ಪೆನ್ನು. ಮೊದಲ ಹಂತ ಕಾಗದದ ಮೇಲೇ ಆಗುವುದು.

## ಹಂತ 1: ಡೆಕ್ ಮೇಲಿನ ಗಾಳಿಯ ಲೆಕ್ಕ

ಸಮುದ್ರದ ಮೇಲೆ ಬೀಸುವ ಗಾಳಿ ಬೇರೆ, ಡೆಕ್ ಮೇಲೆ ನಿಂತವನಿಗೆ ತಾಗುವ ಗಾಳಿ ಬೇರೆ. ಹಡಗಿನ ಸ್ವಂತ ವೇಗವೂ ಗಾಳಿಯಾಗಿ ಸೇರಿಕೊಳ್ಳುತ್ತದೆ. ಪಶ್ಚಿಮದಿಂದ 12 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.) ಗಾಳಿ ಇದ್ದು, ಹಡಗು ಪಶ್ಚಿಮಕ್ಕೆ 15 ನಾಟ್‌ನಲ್ಲಿ ಹೋಗುತ್ತಿದ್ದರೆ ಡೆಕ್ ಮೇಲೆ ಎದುರುಗಾಳಿ 27 ನಾಟ್. ಅದೇ ಹಡಗು ಪೂರ್ವಕ್ಕೆ ತಿರುಗಿದರೆ ಬರೀ 3 ನಾಟ್. ಎರಡನೆಯ ಸಂದರ್ಭದಲ್ಲಿ ಭಾರ ತುಂಬಿದ ಹೆಲಿಕಾಪ್ಟರ್ ಡೆಕ್ ಮೇಲೆ ನಿಲ್ಲಲು ಹೆಣಗಾಡುತ್ತದೆ. ಮೊದಲನೆಯದರಲ್ಲಿ ಹಗುರವಾಗಿ ತೇಲುತ್ತದೆ. ಗಾಳಿಯ ವೇಗ ಸುಮಾರು 16ರಿಂದ 24 ನಾಟ್ ದಾಟಿದಾಗ ರೋಟರ್ ತನ್ನದೇ ಕಲಕಿದ ಗಾಳಿಯಿಂದ ಹೊರಬಂದು ಹೆಚ್ಚು ಎತ್ತುಬಲ ಕೊಡುವುದೇ ಇದಕ್ಕೆ ಕಾರಣ. ಹಡಗು ಓಡುತ್ತಿದ್ದರೆ ನಿಂತಲ್ಲೇ ನಿಮಗೆ ಈ ಲಾಭ ಸಿಗುತ್ತದೆ. ಸಿಮ್ಯುಲೇಟರ್‌ನಲ್ಲಿ ಸನ್ನಿವೇಶ ರಚಿಸುವ ಮಿಷನ್ ಎಡಿಟರ್‌ನಲ್ಲಿ ಹಡಗನ್ನು ನಿಲ್ಲಿಸಿಟ್ಟರೆ ಸುಲಭ ಎಂದು ಹಲವರು ಭಾವಿಸುತ್ತಾರೆ. ಗಾಳಿ ಇಲ್ಲದ ದಿನ ನಿಂತ ಹಡಗಿನ ಮೇಲೆ ಇಳಿಯಲು ಎಂಜಿನ್‌ನಿಂದ ಹೆಚ್ಚು ಶಕ್ತಿ ಬೇಕು ಎಂಬುದನ್ನು ಅವರು ಮರೆತಿರುತ್ತಾರೆ.

ದಿಕ್ಕು ಇನ್ನೂ ಮುಖ್ಯ. ಐಲ್ಯಾಂಡ್ ಅನ್ನುವ ಆ ಎತ್ತರದ ಕಟ್ಟಡ ಡೆಕ್‌ನ ಬಲ ಅಂಚಿನಲ್ಲಿದೆ. ಬಲದಿಂದ ಬರುವ ಗಾಳಿ ಅದಕ್ಕೆ ಬಡಿದು, ಸುರುಳಿ ಸುತ್ತಿಕೊಂಡು, ನೀವು ಇಳಿಯಬೇಕಾದ ಜಾಗದ ಮೇಲೇ ಬೀಳುತ್ತದೆ. ಉದಾಹರಣೆಗೆ ಹಡಗು ಉತ್ತರಕ್ಕೆ 10 ನಾಟ್, ಗಾಳಿ ಪೂರ್ವದಿಂದ 10 ನಾಟ್ ಇದ್ದರೆ ಡೆಕ್ ಮೇಲೆ 14 ನಾಟ್ ಗಾಳಿ ಬಲ ಮುಂಭಾಗದಿಂದ 45 ಡಿಗ್ರಿಯಲ್ಲಿ ಬರುತ್ತದೆ. ವೇಗ ಕೇಳಲು ಸೌಮ್ಯ, ಆದರೆ ಜಾಗ ಕೆಟ್ಟದ್ದು. ಹಡಗನ್ನು 110 ಡಿಗ್ರಿಗೆ ತಿರುಗಿಸಿ. ಈಗ ಗಾಳಿ ಸುಮಾರು 20 ನಾಟ್, ಮೂತಿಯಿಂದ 10 ಡಿಗ್ರಿ ಎಡಕ್ಕೆ. ನಿಮಗೆ ಬೇಕಾದದ್ದು ಇದೇ.

ಹಾಗೆಂದು ಗಾಳಿಯನ್ನು ತೀರ ಎಡಕ್ಕೆ ಇಡಬೇಡಿ. ಹ್ಯೂಯಿ, ಸೀಹಾಕ್‌ಗಳ ರೋಟರ್ ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಇಂಥವಕ್ಕೆ ಎಡ ಪಕ್ಕದಿಂದ, ಅಂದರೆ ಮೂತಿಯಿಂದ ಪ್ರದಕ್ಷಿಣವಾಗಿ ಅಳೆದರೆ 210ರಿಂದ 330 ಡಿಗ್ರಿ ನಡುವೆ ಬರುವ ಗಾಳಿ ಬಾಲದ ರೋಟರ್‌ನ ಹಿಡಿತ ತಪ್ಪಿಸಬಲ್ಲದು. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೇತಕ್‌ನ ರೋಟರ್ ಪ್ರದಕ್ಷಿಣವಾಗಿ ತಿರುಗುವುದರಿಂದ ಅದಕ್ಕೆ ಈ ಲೆಕ್ಕ ಉಲ್ಟಾ. ಒಂದರ ಮೇಲೊಂದು ರೋಟರ್ ಇರುವ ಕಾಮೋವ್‌ಗೆ ಬಾಲದ ರೋಟರ್ ಇಲ್ಲವೇ ಇಲ್ಲ, ಹಾಗಾಗಿ ಈ ಚಿಂತೆಯೂ ಇಲ್ಲ. ನಿಮ್ಮದು ಯಾವ ಬಗೆ ಎಂಬುದು ಕಾಗದದ ಮೊದಲ ಸಾಲಿನಲ್ಲಿರಲಿ.

## ಹಂತ 2: ಡೆಕ್ ಸಿದ್ಧತೆ

ನಿಜವಾದ ನೌಕೆಯಲ್ಲಿ ಹಾರಾಟಕ್ಕೆ ಮುಂಚೆ ಸಿಬ್ಬಂದಿ ಸಾಲಾಗಿ ನಿಂತು ಡೆಕ್ ಉದ್ದಕ್ಕೂ ನಡೆಯುತ್ತಾರೆ, ನೆಲವನ್ನೇ ನೋಡುತ್ತ. ಬೋಲ್ಟು, ತಂತಿ ತುಂಡು, ಚಿಂದಿ ಬಟ್ಟೆ, ಸಿಕ್ಕಿದ್ದೆಲ್ಲ ಹೆಕ್ಕುತ್ತಾರೆ. ಜೆಟ್ ಎಂಜಿನ್ ಇಂಥದ್ದನ್ನು ಒಳಗೆಳೆದುಕೊಳ್ಳುತ್ತದೆ, ಹೆಲಿಕಾಪ್ಟರ್‌ನ ಗಾಳಿ ಇದನ್ನು ಜನರ ಮುಖಕ್ಕೆ ಎಸೆಯುತ್ತದೆ. ಸೀಹಾಕ್‌ನ ರೋಟರ್ ಅಡ್ಡಳತೆ ಸುಮಾರು 16.4 ಮೀಟರ್. ಅದು ಒತ್ತುವ ಗಾಳಿ ಆ ವೃತ್ತದಾಚೆಗೂ ದೂರ ಹರಿಯುತ್ತದೆ.

ಮಲ್ಟಿಪ್ಲೇಯರ್‌ನಲ್ಲಿ ಡೆಕ್ ಸಿಬ್ಬಂದಿಯ ಪಾತ್ರ ವಹಿಸುವವರು ಜೆರ್ಸಿ ಬಣ್ಣಗಳನ್ನು ಕಲಿಯಲೇಬೇಕು. ಹಳದಿಯವರು ವಿಮಾನಗಳಿಗೆ ದಾರಿ ತೋರಿಸುವವರು. ನೀಲಿಯವರು ಚಾಕ್ (ಚಕ್ರ ಉರುಳದಂತೆ ಇಡುವ ತಡೆ) ಮತ್ತು ಡೆಕ್‌ಗೆ ಕಟ್ಟುವ ಚೈನ್ ಹಾಕುವವರು. ಕಂದು ಬಣ್ಣ ಆಯಾ ವಿಮಾನವನ್ನು ನೋಡಿಕೊಳ್ಳುವವರದು. ನೇರಳೆ ಇಂಧನದವರು, ಬಿಳಿ ಸುರಕ್ಷತೆ ಮತ್ತು ವೈದ್ಯಕೀಯ, ಕೆಂಪು ಶಸ್ತ್ರಾಸ್ತ್ರ ಮತ್ತು ಬೆಂಕಿ-ಅಪಘಾತದ ತಂಡ. ಹೆಲಿಕಾಪ್ಟರ್ ಪೈಲಟ್ ಕಣ್ಣಿಡಬೇಕಾದದ್ದು ಹಸಿರು ಜೆರ್ಸಿ, ಕೆಂಪು ಹೆಲ್ಮೆಟ್ ಹಾಕಿದವನ ಮೇಲೆ. ಹೆಲಿಕಾಪ್ಟರ್‌ಗೆ ಕೈಸನ್ನೆ ಕೊಡುವವನು ಅವನೇ. ಅವನ ಸನ್ನೆಗಳು ಹೆಚ್ಚಿನವು ಸಲಹೆ ಮಾತ್ರ. ಎರಡು ಮಾತ್ರ ಆಜ್ಞೆ: "ಇಳಿಯಬೇಡ, ಮೇಲೆ ಹೋಗು" ಮತ್ತು "ಇದ್ದಲ್ಲೇ ನಿಲ್ಲು". ಇವೆರಡಕ್ಕೆ ಕಾರಣ ಕೇಳುವಂತಿಲ್ಲ.

ಹೆಲಿಕಾಪ್ಟರ್ ಬಳಿಗೆ ಹೋಗುವ ದಾರಿ ಪಕ್ಕದ್ದು, ಅದೂ ಪೈಲಟ್ ನಿಮ್ಮನ್ನು ನೋಡಿ ಕೈ ತೋರಿಸಿದ ಮೇಲೆ. ಸೀಹಾಕ್‌ನ ರೋಟರ್ ಮುಂದಕ್ಕೆ ಬಾಗಿರುವುದರಿಂದ ಮುಂಭಾಗದಲ್ಲಿ ರೆಕ್ಕೆ ತಗ್ಗಾಗಿ ತಿರುಗುತ್ತದೆ. ಹಿಂದೆ ಬಾಲದ ರೋಟರ್ ಇದೆ. ಎರಡೂ ಕಡೆಯಿಂದ ಹೋಗಬೇಡಿ.

## ಹಂತ 3: ಎಂಜಿನ್, ಆಮೇಲೆ ರೋಟರ್

ಅಮೆರಿಕದ ಹಡಗುಗಳಲ್ಲಿ ಡೆಕ್‌ನ ಸ್ಥಿತಿಯನ್ನು ತಿರುಗುವ ದೀಪದ ಬಣ್ಣ ಹೇಳುತ್ತದೆ. ಕೆಂಪು ಇದ್ದರೆ ಡೆಕ್ ಸಿದ್ಧವಿಲ್ಲ. ಅಂಬರ್ (ಕಿತ್ತಳೆ-ಹಳದಿ) ಬಂದರೆ ರೋಟರ್ ತಿರುಗಿಸಬಹುದು ಅಥವಾ ನಿಲ್ಲಿಸಬಹುದು. ಏರಲು, ಇಳಿಯಲು ಹಸಿರೇ ಬೇಕು. ಅಪ್ಪಣೆ ಕೊಡುವವನು ಐಲ್ಯಾಂಡ್‌ನ ಮೇಲಂತಸ್ತಿನಲ್ಲಿ ಕೂತ ಏರ್ ಬಾಸ್. ಅಂಬರ್ ಕಂಡ ಕೂಡಲೇ ಏರಿಬಿಡುವುದು ಹೊಸಬರ ಮಾಮೂಲಿ ತಪ್ಪು.

ಈ ಹಂತದುದ್ದಕ್ಕೂ ಚಾಕ್ ಮತ್ತು ಚೈನ್ ಹಾಕಿಯೇ ಇರಬೇಕು. ರೋಟರ್ ನಿಧಾನವಾಗಿ ತಿರುಗುವಾಗ ರೆಕ್ಕೆಗಳನ್ನು ನೇರವಾಗಿ ಎಳೆದು ಹಿಡಿಯುವ ಕೇಂದ್ರಾಪಗಾಮಿ ಬಲ ಸಾಲದು. ಆಗ ಡೆಕ್ ಅಂಚಿನಿಂದ ಮೇಲಕ್ಕೆ ನುಗ್ಗುವ ಗಾಳಿ ಒಂದು ರೆಕ್ಕೆಯನ್ನು ಎತ್ತಿ, ಮರುಕ್ಷಣವೇ ಕೆಳಕ್ಕೆ ಬಡಿಯಬಹುದು. ಅದು ಬಾಲದ ತೊಲೆಗೇ ತಾಗಬಹುದು. ಅದಕ್ಕೇ ಪ್ರತಿ ಹೆಲಿಕಾಪ್ಟರ್‌ಗೂ ರೋಟರ್ ಶುರುಮಾಡುವ ಗಾಳಿಯ ಮಿತಿ ಬೇರೆಯೇ ಇರುತ್ತದೆ. ಹಾರಾಟದ ಮಿತಿಯೊಳಗೆ ಇದ್ದೇವೆ ಎಂದು ರೋಟರ್ ತಿರುಗಿಸಲು ಹೊರಡಬೇಡಿ. ಎರಡನ್ನೂ ಬೇರೆ ಬೇರೆ ನೋಡಬೇಕು.

ಈ ಹೊತ್ತಿನಲ್ಲಿ ಹಡಗು ತಿರುಗಬಾರದು. ತಿರುಗಿದರೆ ಹಂತ 1ರ ಲೆಕ್ಕವೆಲ್ಲ ನೀರುಪಾಲು. ತಿರುಗುತ್ತಿದೆಯೋ ಇಲ್ಲವೋ ತಿಳಿಯಲು ದಿಕ್ಸೂಚಿಗಿಂತ ಬೇಗ ಹೇಳುವುದು ಹಡಗಿನ ಹಿಂದಿನ ನೊರೆಯ ಗೆರೆ. ಗೆರೆ ನೇರವಾಗಿದ್ದರೆ ಸರಿ. ಹಡಗಿನ ಬುಡದಲ್ಲೇ ಬಾಗತೊಡಗಿದ್ದರೆ, ಕಾಯಿರಿ.

## ಹಂತ 4: ಬಿಡಿಸುವುದು ಮತ್ತು ಏರುವುದು

1. ಉಪಕರಣಗಳನ್ನು ನೋಡಿ ಮುಗಿಸಿ. ಚೈನ್ ಬಿಚ್ಚಿದ ಮೇಲೆ ಡೆಕ್ ಮೇಲೆ ಕೂತು ಚೆಕ್‌ಲಿಸ್ಟ್ ಓದುವಂತಿಲ್ಲ.

2. ಚಾಕ್, ಚೈನ್ ತೆಗೆಯಲು ಪೈಲಟ್ ಕೇಳುತ್ತಾನೆ, ಸನ್ನೆಗಾರ ತಂಡವನ್ನು ಒಳಗೆ ಕಳಿಸುತ್ತಾನೆ. ಹೊರಬಂದ ಸಿಬ್ಬಂದಿ ಚೈನ್‌ಗಳನ್ನು ಎತ್ತಿ ಹಿಡಿದು ಪೈಲಟ್‌ಗೆ ತೋರಿಸುತ್ತಾರೆ. ಪೈಲಟ್ ಎಣಿಸುತ್ತಾನೆ. ನಾಲ್ಕು ಕಟ್ಟಿದ್ದರೆ ನಾಲ್ಕೂ ಕಣ್ಣಿಗೆ ಬೀಳಬೇಕು. ಮೂರೇ ಕಂಡರೆ ಕಲೆಕ್ಟಿವ್ ಮುಟ್ಟಬಾರದು.

3. ಹಸಿರು ದೀಪ, ಸನ್ನೆಗಾರನ ಸನ್ನೆ, ಎರಡೂ ಬಂದ ಮೇಲೆ ಕಲೆಕ್ಟಿವ್ ಎತ್ತಿ. ಚಕ್ರ ಹಗುರವಾಗುವ ಹೊತ್ತಿಗೆ ಅರೆಕ್ಷಣ ಗಮನಿಸಿ: ಒಂದು ಪಕ್ಕ ಏಳದೆ ಉಳಿದಿದೆಯೇ?

ಮೂರನೆಯ ಸಾಲಿನ ಆ ಪ್ರಶ್ನೆಗೆ ಕಾರಣವಿದೆ. ಒಂದು ಚಕ್ರ ಸಿಕ್ಕಿಕೊಂಡಿದ್ದು, ನೀವು ಶಕ್ತಿ ಹೆಚ್ಚಿಸುತ್ತ ಹೋದರೆ ಹೆಲಿಕಾಪ್ಟರ್ ಆ ಚಕ್ರವನ್ನೇ ಅಚ್ಚಾಗಿಸಿಕೊಂಡು ಮಗುಚುತ್ತದೆ. ಸಾಮಾನ್ಯವಾಗಿ 5ರಿಂದ 8 ಡಿಗ್ರಿ ವಾಲುವಷ್ಟರಲ್ಲೇ ಸೈಕ್ಲಿಕ್‌ನಿಂದ ಸರಿಪಡಿಸುವ ಗಡಿ ದಾಟಿರುತ್ತದೆ. ಉಳಿಯುವ ದಾರಿ ಒಂದೇ, ಕಲೆಕ್ಟಿವ್ ಕೆಳಗಿಳಿಸುವುದು. ಮಗುಚುತ್ತಿರುವಾಗ ಇನ್ನಷ್ಟು ಎತ್ತಿ ಬಿಡಿಸಿಕೊಳ್ಳುತ್ತೇನೆ ಎನ್ನುವ ಆಸೆಯೇ ಮುಗಿಸಿಬಿಡುತ್ತದೆ.

ಎದ್ದ ಮೇಲೆ 10 ಅಡಿಯಲ್ಲಿ ಒಂದು ಸಲ ಟಾರ್ಕ್ (ಎಂಜಿನ್ ರೋಟರ್‌ಗೆ ಕೊಡುತ್ತಿರುವ ತಿರುಗುಬಲ) ನೋಡಿ. ಆಗಲೇ ಮಿತಿಯ ಹತ್ತಿರ ಇದ್ದರೆ ಡೆಕ್ ದಾಟಬೇಡಿ, ಇಳಿಸಿ ಭಾರ ಕಡಿಮೆ ಮಾಡಿ. ಡೆಕ್ ಮೇಲೆ ನಿಮಗೆ ನೆಲದ ಆಸರೆ ಇದೆ, ಅಂದರೆ ರೋಟರ್ ಕೆಳಕ್ಕೆ ತಳ್ಳುವ ಗಾಳಿಯನ್ನು ಡೆಕ್ ತಡೆಯುವುದರಿಂದ ಕಡಿಮೆ ಶಕ್ತಿ ಸಾಕಾಗುತ್ತದೆ. ಅಂಚು ದಾಟಿದ ಕೂಡಲೇ ನೀರು ಸುಮಾರು 18 ಮೀಟರ್ ಕೆಳಗೆ, ಆಸರೆ ಇಲ್ಲ, ಅದೇ ಟಾರ್ಕ್‌ನಲ್ಲಿ ಹೆಲಿಕಾಪ್ಟರ್ ಕುಸಿಯುತ್ತದೆ.

## ಹಂತ 5: ಕಾಯುವ ಜಾಗ

ಜೆಟ್‌ಗಳು ಹಗಲಿನಲ್ಲಿ ಹಡಗಿನ ಎಡಪಕ್ಕದಲ್ಲಿ ಸುತ್ತು ಹಾಕಿ ಇಳಿಯುತ್ತವೆ: 800 ಅಡಿಯಲ್ಲಿ ತಿರುವು, 600 ಅಡಿಯಲ್ಲಿ ಹಡಗಿಗೆ ವಿರುದ್ಧ ದಿಕ್ಕಿನ ಓಟ. ಆದ್ದರಿಂದ ಕಾವಲು ಹೆಲಿಕಾಪ್ಟರ್ ಬಲಪಕ್ಕದಲ್ಲಿ, ತಗ್ಗಿನಲ್ಲಿ, ಇಂಗ್ಲಿಷ್‌ನ ಡಿ ಅಕ್ಷರದ ಆಕಾರದಲ್ಲಿ ಸುತ್ತುತ್ತದೆ. ನೀರಿಗೆ ಬಿದ್ದ ಪೈಲಟ್‌ನನ್ನು ಎತ್ತುವುದು ಅದರ ಕೆಲಸ. ಅದಕ್ಕೇ ಜೆಟ್‌ಗಳಿಗಿಂತ ಮೊದಲು ಏರುತ್ತದೆ, ಎಲ್ಲವೂ ಇಳಿದ ಮೇಲೆ ಇಳಿಯುತ್ತದೆ. ಹಡಗಿನ ಮೂತಿಯ ಮುಂದೆ ಅಥವಾ ಹಿಂಭಾಗದಲ್ಲಿ ಅಡ್ಡ ದಾಟಬೇಕಾದರೆ ಏರ್ ಬಾಸ್‌ನ ಅನುಮತಿ ಕೇಳಿ.

## ಹಂತ 6: ಹಡಗಿನ ಪಕ್ಕಕ್ಕೆ ಬರುವುದು

ಬಹುಪಾಲು ಪ್ರಯತ್ನಗಳು ಕೆಡುವುದು ಇಲ್ಲಿ. ಲೆಕ್ಕ ನೋಡಿ: 15 ನಾಟ್ ಎಂದರೆ ಸೆಕೆಂಡಿಗೆ 7.7 ಮೀಟರ್. ನೀವು ನೆಲದ ಅಭ್ಯಾಸದಂತೆ ವೇಗ ಸೊನ್ನೆಗೆ ತಂದು 2 ಸೆಕೆಂಡ್ ನಿಂತರೆ ಇಳಿಯುವ ವೃತ್ತ 15 ಮೀಟರ್ ಮುಂದೆ ಹೋಗಿರುತ್ತದೆ. 45 ಸೆಕೆಂಡ್ ಆಗುವಷ್ಟರಲ್ಲಿ 333 ಮೀಟರ್ ಉದ್ದದ ಹಡಗೇ ನಿಮ್ಮ ಕೆಳಗಿನಿಂದ ಹೊರಟುಹೋಗಿರುತ್ತದೆ. ಹೆಲಿಕಾಪ್ಟರ್ ಹಡಗಿನ ಮೇಲೆ ನಿಲ್ಲುವುದು ಎಂದರೆ ಹಡಗಿನಷ್ಟೇ ವೇಗದಲ್ಲಿ ಹಾರುತ್ತಿರುವುದು.

ಅಮೆರಿಕದವರು ಹೆಚ್ಚಾಗಿ ಹಿಂದಿನಿಂದ ಓರೆಯಾಗಿ ನೇರ ಡೆಕ್ ಮೇಲೇ ಬರುತ್ತಾರೆ. ಕಲಿಯುವವರಿಗೆ ಬ್ರಿಟಿಷ್ ನೌಕಾಪಡೆಯ ಪದ್ಧತಿಯನ್ನೇ ನಾನು ಹೇಳುತ್ತೇನೆ: ಮೊದಲು ಹಡಗಿನ ಎಡಪಕ್ಕಕ್ಕೆ ಬಂದು ಜೊತೆಜೊತೆಗೇ ಹಾರಿ, ಆಮೇಲೆ ಬಲಕ್ಕೆ ಸರಿದು ಇಳಿಯುವುದು. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಬೈಕಿನವನು ಏನಾದರೂ ಕೊಡಬೇಕಾದರೆ ಮೊದಲು ಬಸ್ಸಿನ ವೇಗಕ್ಕೆ ಬರುತ್ತಾನೆ, ಆಮೇಲೆ ಕೈ ಚಾಚುತ್ತಾನೆ. ಅಷ್ಟೇ ಇದೂ. ಸೀಹಾಕ್, ಹ್ಯೂಯಿ ಎರಡರಲ್ಲೂ ಮುಖ್ಯ ಪೈಲಟ್ ಕೂರುವುದು ಬಲ ಸೀಟಿನಲ್ಲಿ, ಹಾಗಾಗಿ ಡೆಕ್ ನಿಮ್ಮ ಕಿಟಕಿಯಲ್ಲೇ ಇರುತ್ತದೆ.

1. ಜೆಟ್‌ಗಳೆಲ್ಲ ಇಳಿದಾದ ಮೇಲೆ, ಅನುಮತಿ ಪಡೆದು, ಹಡಗಿನ ಹಿಂದೆ ದೂರದಲ್ಲಿ ಎಡಕ್ಕೆ ದಾಟಿ.

2. ಅರ್ಧ ನಾಟಿಕಲ್ ಮೈಲು ಹಿಂದೆ, 200 ಅಡಿ ಎತ್ತರ, 70 ನಾಟ್ ಆಸುಪಾಸು. ಗುರಿ ಡೆಕ್ ಅಲ್ಲ. ಡೆಕ್‌ನ ಎಡ ಅಂಚಿನಿಂದ ಒಂದೆರಡು ರೋಟರ್ ಅಗಲದಷ್ಟು ಹೊರಗಿನ ಖಾಲಿ ಜಾಗ.

3. ಇಲ್ಲಿಂದ ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಏರ್‌ಸ್ಪೀಡ್ ಮುಳ್ಳು ಕಡಿಮೆ ವೇಗದಲ್ಲಿ ನಂಬಿಕೆಗೆ ಅರ್ಹವಲ್ಲ. ಹಡಗು ಕಣ್ಣಿಗೆ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದೇ ಅಳತೆ. ನಡೆಯುವವನ ವೇಗದಲ್ಲಿ ಹತ್ತಿರವಾಗುತ್ತಿದ್ದರೆ ಸರಿ.

4. ನಿಮ್ಮ ಇಳಿಯುವ ಜಾಗ ಪಕ್ಕದಲ್ಲಿ, ಭುಜಕ್ಕೆ ನೇರವಾಗಿ, ಮುಂದಕ್ಕೂ ಹಿಂದಕ್ಕೂ ಸರಿಯದೆ ನಿಂತಾಗ ವೇಗ ಹೊಂದಿದೆ. ಇಲ್ಲಿ ಉಸಿರು ಬಿಡಿ. ಹತ್ತು ಸೆಕೆಂಡ್ ಹಾಗೆಯೇ ಹಾರಿ.

ಆ ಹತ್ತು ಸೆಕೆಂಡನ್ನು ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಟಾರ್ಕ್ ಎಷ್ಟಿದೆ, ಪೆಡಲ್ ಎಷ್ಟು ಉಳಿದಿದೆ, ಹಡಗು ಎಷ್ಟು ಹೊರಳುತ್ತಿದೆ ಎಂಬುದೆಲ್ಲ ತಿಳಿಯುವುದು ಆಗಲೇ. ಪೆಡಲ್ ಕೊನೆಯವರೆಗೆ ಹೋಗಿದ್ದರೆ, ಟಾರ್ಕ್ ಕೆಂಪು ಗೆರೆಗೆ ತಾಗುತ್ತಿದ್ದರೆ, ಡೆಕ್ ಕಡೆ ಸರಿಯಬೇಡಿ. ಎಡಕ್ಕೆ ನೀರಿದೆ, ಆಕಾಶವಿದೆ. ಮೂತಿ ಇಳಿಸಿ ವೇಗ ಹಿಡಿದು ಹೊರಟುಬಿಡಿ.

ಈ ಹಂತದ ದೊಡ್ಡ ಅಪಾಯ ಎತ್ತರದಿಂದ ಬಂದು ಕೊನೆಗೆ ನೇರವಾಗಿ ಕೆಳಗಿಳಿಯುವುದು. ಗಾಳಿಯ ವೇಗ ಕಡಿಮೆ ಇದ್ದು, ಶಕ್ತಿ ಹಾಕಿಕೊಂಡೇ ನಿಮಿಷಕ್ಕೆ 300 ಅಡಿಗಿಂತ ಬೇಗ ಇಳಿದರೆ ರೋಟರ್ ತನ್ನದೇ ಸುಳಿಗಾಳಿಯಲ್ಲಿ ಮುಳುಗುತ್ತದೆ. ನಡುಕ ಶುರುವಾಗುತ್ತದೆ, ಕಲೆಕ್ಟಿವ್ ಎತ್ತಿದಷ್ಟೂ ಜೋರಾಗಿ ಕುಸಿಯುತ್ತದೆ. ಹಡಗಿನ ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಇದು ಗೊತ್ತೇ ಆಗದಂತೆ ಬಂದುಬಿಡುತ್ತದೆ. ಏಕೆಂದರೆ ನೀರಿನ ಮೇಲೆ ನೀವು ಮುಂದೆ ಹೋಗುತ್ತಿದ್ದರೂ ಗಾಳಿಯ ಲೆಕ್ಕದಲ್ಲಿ ನಿಂತೇ ಇರುತ್ತೀರಿ. ಹಂತ 1ನ್ನು ಬಿಟ್ಟುಬಿಟ್ಟವರು ದಂಡ ಕಟ್ಟುವುದು ಇಲ್ಲಿ.

## ಹಂತ 7: ಅಂಚು ದಾಟಿ ಇಳಿಯುವುದು

ಬಲಕ್ಕೆ ಸರಿಯುವ ಮೊದಲು ಚಕ್ರಗಳು ಡೆಕ್‌ಗಿಂತ 10-15 ಅಡಿ ಮೇಲಿವೆ ಎಂದು ಖಚಿತಪಡಿಸಿಕೊಳ್ಳಿ. ಅಂಚಿನುದ್ದಕ್ಕೂ ಬಲೆ, ಕೆಳಗೆ ಓಡಾಡುವ ಹಾದಿ, ಆಂಟೆನಾ ಇರುತ್ತವೆ. ಬಾಲದ ಚಕ್ರ ನಿಮಗೆ ಕಾಣುವುದಿಲ್ಲ, ಅದು ಮೂತಿಗಿಂತ ತಗ್ಗಿನಲ್ಲೂ ಇರಬಹುದು.

ಅಂಚು ದಾಟುವಾಗ ಹಂತ 4ರಲ್ಲಿ ಕಂಡದ್ದು ತಿರುಗುಮುರುಗಾಗುತ್ತದೆ. ನೆಲದ ಆಸರೆ ದಿಢೀರನೆ ಸಿಕ್ಕಿ ಹೆಲಿಕಾಪ್ಟರ್ ಮೇಲಕ್ಕೆ ಉಬ್ಬುತ್ತದೆ, ಅದೂ ಮೊದಲು ಬಲಭಾಗ. ಹೆದರಿ ಕಲೆಕ್ಟಿವ್ ಪೂರ್ತಿ ಬಿಟ್ಟರೆ ಕುಸಿತ, ಮತ್ತೆ ಎಳೆದರೆ ಉಬ್ಬು. ಈ ತೂಗಾಟಕ್ಕೆ ಬಿದ್ದವರು ಅಪರೂಪಕ್ಕೆ ಸರಿಯಾಗಿ ಇಳಿಯುತ್ತಾರೆ. ಉಬ್ಬು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕೂದಲೆಳೆಯಷ್ಟು ಇಳಿಸಿದರೆ ಸಾಕು.

ಕಣ್ಣು ಎಲ್ಲಿಡಬೇಕು? ಡೆಕ್ ಮೇಲಿನ ಬಿಳಿ ಗೆರೆಯ ಮೇಲಂತೂ ಅಲ್ಲ. ಹಡಗು ಹೊರಳಿದಾಗ ಗೆರೆ ಏಳುತ್ತದೆ, ಬೀಳುತ್ತದೆ. ಅದನ್ನೇ ನೋಡುವವನ ಕೈ ಅದನ್ನೇ ಹಿಂಬಾಲಿಸುತ್ತದೆ. ದಿಗಂತವನ್ನು ನೋಡಿ ಹೆಲಿಕಾಪ್ಟರ್ ಸಮವಾಗಿಡಿ. ಐಲ್ಯಾಂಡ್ ಪೂರ್ತಿಯಾಗಿ ಕಣ್ಣಿನಂಚಿನಲ್ಲಿರಲಿ. ಸನ್ನೆಗಾರನನ್ನು ನಡುನಡುವೆ ನೋಡಿ.

ಅಲೆಗಳ ಆಟದಲ್ಲಿ ಒಂದು ಲಯವಿದೆ. ಒಂದಷ್ಟು ದೊಡ್ಡ ಹೊರಳಾಟ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವ ಡೆಕ್. ಸುಮ್ಮನಾದಾಗ ತಡಮಾಡದೆ ಇಳಿಸಿ. ಬೆಣ್ಣೆಯಂತೆ ಇಳಿಯುವ ಹಟ ಇಲ್ಲಿ ಬೇಡ. ಮೆಲ್ಲಗೆ ತಡವರಿಸುತ್ತ ಇಳಿಯುವವನನ್ನು ಮುಂದಿನ ಹೊರಳು ಹಿಡಿಯುತ್ತದೆ. ದೃಢವಾಗಿ ಕೂರಿಸಿ, ಪಕ್ಕಕ್ಕೆ ಜಾರುತ್ತ ಮಾತ್ರ ಕೂರಿಸಬೇಡಿ. ಜಾರುತ್ತಿದ್ದರೆ ಚಕ್ರ ಯಾವುದಕ್ಕಾದರೂ ಸಿಕ್ಕಿ ಅದೇ ಮಗುಚುವ ಕತೆ.

ತಾಗಿದ ಕೂಡಲೇ ಕಲೆಕ್ಟಿವ್ ಪೂರ್ತಿ ಕೆಳಗೆ, ಸೈಕ್ಲಿಕ್ ನಡುವೆ, ಪಾರ್ಕಿಂಗ್ ಬ್ರೇಕ್ ಹಾಕಿದೆಯೇ ನೋಡಿ. ಡೆಕ್ ಹೊರಳಿದಾಗ ಸೈಕ್ಲಿಕ್‌ನಿಂದ ಸಮ ಮಾಡಲು ಹೋಗಬೇಡಿ. ಕೂತ ಹೆಲಿಕಾಪ್ಟರ್‌ನಲ್ಲಿ ಸೈಕ್ಲಿಕ್ ಅಲುಗಿಸಿದರೆ ರೋಟರ್ ತಟ್ಟೆ ಮಾತ್ರ ವಾಲುತ್ತದೆ, ಚೈನ್ ಹಿಡಿದು ಓಡಿ ಬರುತ್ತಿರುವ ನೀಲಿ ಜೆರ್ಸಿಯವನ ತಲೆಯ ಕಡೆಗೆ.

## ಹಂತ 8: ಕಟ್ಟುವುದು, ನಿಲ್ಲಿಸುವುದು

ಮೊದಲು ಚಾಕ್, ಚೈನ್. ಆಮೇಲೆ ಜನ ಇಳಿಯುವುದು. ಇದನ್ನು ತಿರುಗಾಮುರುಗಾ ಮಾಡಬೇಡಿ. ಇಳಿಯುವವರನ್ನು ಸಿಬ್ಬಂದಿಯೊಬ್ಬ ಪಕ್ಕದ ದಾರಿಯಲ್ಲೇ ಕರೆದೊಯ್ಯಬೇಕು.

ರೋಟರ್ ನಿಲ್ಲಿಸುವಾಗ ಹಂತ 3ರ ಅಪಾಯ ಮರಳಿ ಬರುತ್ತದೆ, ಏಕೆಂದರೆ ರೆಕ್ಕೆಗಳು ಮತ್ತೆ ನಿಧಾನವಾಗುತ್ತಿವೆ. ಅಂಬರ್ ದೀಪ ಬೇಕು, ಹಡಗು ನೇರ ಹೋಗುತ್ತಿರಬೇಕು, ಗಾಳಿ ಮಿತಿಯೊಳಗಿರಬೇಕು, ಪಕ್ಕದಲ್ಲಿ ಜೆಟ್ ಅಥವಾ ಇನ್ನೊಂದು ಹೆಲಿಕಾಪ್ಟರ್ ಗಾಳಿ ಎಬ್ಬಿಸುತ್ತಿರಬಾರದು. ಎಲ್ಲರೂ ರೋಟರ್ ವೃತ್ತದಿಂದ ಹೊರಗೆ. ರೋಟರ್ ಬ್ರೇಕ್ ಇರುವ ಯಂತ್ರದಲ್ಲಿ ಕೈಪಿಡಿ ಹೇಳಿದ ವೇಗಕ್ಕೆ ಇಳಿದಾಗ ಹಾಕಿ, ಆ ನಿಧಾನದ ಹೊತ್ತು ಆದಷ್ಟು ಬೇಗ ಮುಗಿಯಲಿ. ರೆಕ್ಕೆ ಮಡಚುವುದು ಎಲ್ಲ ನಿಂತಾದ ಮೇಲೆ.

## ಅಭ್ಯಾಸ ಮಾಡುವ ಕ್ರಮ

ಮೊದಲು ಅಲೆ ಇಲ್ಲದ ಸಮುದ್ರ, ಹಗಲು, ಹಡಗು 10 ನಾಟ್, ಇಂಧನ ಅರ್ಧ. ಇಳಿಯಲೇಬೇಡಿ. ಎಡಪಕ್ಕಕ್ಕೆ ಬಂದು, ಹತ್ತು ಸೆಕೆಂಡ್ ಜೊತೆಗೆ ಹಾರಿ, ಎಡಕ್ಕೆ ಹೊರಟುಹೋಗಿ. ಇದು ಬೇಸರ ಬರುವಷ್ಟು ಸುಲಭವಾದ ಮೇಲೆ ಅಂಚು ದಾಟಿ ಡೆಕ್ ಮೇಲೆ ತೇಲಿ, ಮತ್ತೆ ವಾಪಸ್ ಹೋಗಿ. ಅದೂ ಕೈಗೆ ಕೂತ ಮೇಲೆ ಇಳಿಸಿ. ನಂತರ ಹಡಗಿನ ವೇಗ 20 ನಾಟ್, ಆಮೇಲೆ ಗಾಳಿಯ ದಿಕ್ಕು ಬದಲು, ಆಮೇಲೆ ಅಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ. ರಾತ್ರಿ ಇಳಿಯುವುದನ್ನು ಇವೆಲ್ಲ ಆದ ಮೇಲೆ ಇಟ್ಟುಕೊಳ್ಳಿ. ದಿಗಂತ ಕಾಣದ ಕತ್ತಲಲ್ಲಿ ಹಂತ 7ರಲ್ಲಿ ಹೇಳಿದ ಕಣ್ಣಿನ ಆಸರೆಯೇ ಇರುವುದಿಲ್ಲ, ಉಪಕರಣ ನೋಡಿಯೇ ಹಡಗಿನ ಹತ್ತಿರ ಬರಲು ಬೇರೆಯಾಗಿ ಕಲಿಯಬೇಕು.